ನೇರಳೆ ಬೀಜ ಪುಡಿ ಮಾಡಿಸಿದ ಮಳೆಗಾಲ

ಹೋದ ವಾರ ರಾಗಿ ಹಿಟ್ಟು ಮಾಡಿಸಲು ಬಸವೇಶ್ವರನಗರದ ನಮ್ಮ ಮಾಮೂಲಿ ಮಿಲ್ಲಿಗೆ ಹೋಗಿದ್ದೆ. ನನಗಿಂತ ಮುಂದಿದ್ದ ಹುಡುಗಿಯೊಬ್ಬಳು ಬಟ್ಟೆ ಚೀಲದಿಂದ ಏನನ್ನೋ ಸುರಿದಳು. ಮಿಲ್ಲಿನವನು ಸ್ವಿಚ್ ಹಾಕಿದ್ದೇ ತಡ, ಒಗರು ಒಗರಾದ, ಸ್ವಲ್ಪ ಹುಳಿ ಬೆರೆತ ಒಂದು ವಾಸನೆ ಎದ್ದಿತು. ಇಣುಕಿ ನೋಡಬೇಕಾಗಿಯೇ ಇರಲಿಲ್ಲ. ನೇರಳೆ ಬೀಜ.

"ಏನ್ ಟೀಚರ್, ನೀವು ಬೀಜ ತರೋದೇ ಬಿಟ್ಬಿಟ್ರಲ್ಲ," ಅಂದ ಮಿಲ್ಲಿನವನು. "ಆ ವರ್ಷ ನೀವು ತಂದಿದ್ದು ನೋಡಿ ಈ ಏರಿಯಾದವರೆಲ್ಲ ಶುರು ಹಚ್ಕೊಂಡ್ರು."

ನಾನು ಹುಡುಗಿಯನ್ನು ಕೇಳಿದೆ, "ಯಾರಿಗಮ್ಮಾ ಇದು?"

"ನಮ್ಮಮ್ಮಂಗೆ ಆಂಟಿ. ಶುಗರ್ ಇದೆ."

"ಮಾತ್ರೆ ತಗೋತಾರಾ?"

"ತಗೋತಾರೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ನುಂಗೋದನ್ನ ನೀನು ಕಣ್ಣಾರೆ ನೋಡಿದೀಯಾ?"

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಇದ್ಯಾವ ಮುದುಕಿ ಗಂಟುಬಿತ್ತಪ್ಪಾ ಅಂದುಕೊಂಡಿರಬೇಕು. ಹಿಟ್ಟು ಆಮೇಲೆ ಒಯ್ಯುತ್ತೇನೆ ಅಂತ ಹೇಳಿ ಹೊರಗೆ ಬಂದುಬಿಟ್ಟೆ.

ಮೂರು ವರ್ಷದ ಹಿಂದಿನ ಮಾತು. ಆ ಮೇ ತಿಂಗಳಲ್ಲಿ ನಾನು ರಿಟೈರಾದೆ. ಮೂವತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು, ಜೂನ್ ಒಂದನೇ ತಾರೀಖು ಬೆಳಿಗ್ಗೆ ಎದ್ದರೆ ಪಾಠ ಮಾಡಲು ಯಾರೂ ಇಲ್ಲ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮನೇಲಿ ಕ್ಲಾಸ್ ತಗೋಬೇಡ ಮಾರಾಯ್ತಿ, ನಾನು ಪಾಸಾಗಿ ನಲವತ್ತು ವರ್ಷ ಆಯ್ತು," ಅಂದರು. ಅದೇ ತಿಂಗಳು ನನಗೂ ಶುಗರ್ ಇದೆ ಅಂತ ರಿಪೋರ್ಟ್ ಬಂತು. ಡಾಕ್ಟರು ಮಾತ್ರೆ ಬರೆದು, ವಾಕಿಂಗ್ ಮಾಡಿ ಅಂದರು. ಹಾಗಾಗಿ ನಮ್ಮ ಬೀದಿಯ ಕೊನೆಯ ಪಾರ್ಕಿಗೆ ಹೋಗತೊಡಗಿದೆ. ಅಲ್ಲಿ ನನಗೆ ಹೊಸ ಕ್ಲಾಸ್‌ರೂಮ್ ಸಿಕ್ಕಿಬಿಟ್ಟಿತು.

ಐದಾರು ಜನ ಹೆಂಗಸರು. ಎಲ್ಲರಿಗೂ ಸಕ್ಕರೆ ಕಾಯಿಲೆ. ಅವರಲ್ಲಿ ಮುಖ್ಯ ಇಬ್ಬರು. ಒಬ್ಬರು ಸರೋಜಮ್ಮ. ಇದೆಲ್ಲ ಹೊಲವಾಗಿದ್ದ ಕಾಲದಿಂದಲೂ ಇಲ್ಲಿಯವರು, ಈಗ ನಾಲ್ಕು ಪೋರ್ಷನ್ ಬಾಡಿಗೆಗೆ ಬಿಟ್ಟಿದ್ದಾರೆ. ಇನ್ನೊಬ್ಬರು ಗಿರಿಜಕ್ಕ. ದಾವಣಗೆರೆ ಕಡೆಯವರು, ಮದುವೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು, ಆದರೂ ಮಾತಿನಲ್ಲಿ "ರೀ" ಬಿಟ್ಟಿರಲಿಲ್ಲ. ಮನೆಯಲ್ಲೇ ಹೋಳಿಗೆ ಮಾಡಿ ಆರ್ಡರ್ ಮೇಲೆ ಕೊಡುತ್ತಿದ್ದರು. ವಿಜಯನಗರದಿಂದ ಮಹಾಲಕ್ಷ್ಮಿ ಲೇಔಟಿನವರೆಗೆ ಹಬ್ಬ ಬಂತೆಂದರೆ ಗಿರಿಜಕ್ಕನ ಹೋಳಿಗೆಯೇ ಆಗಬೇಕು. "ಅದು ಒಬ್ಬಟ್ಟು ಕಣ್ರೀ, ಹೋಳಿಗೆ ಅಲ್ಲ," ಅಂತ ಸರೋಜಮ್ಮ ದಿನಾ ಕೆಣಕುತ್ತಿದ್ದರು. "ತಿನ್ನೋವಾಗ ಹೆಸರು ಕೇಳ್ತೀರೇನ್ರೀ ನೀವು?" ಅಂತ ಗಿರಿಜಕ್ಕ. ಅವರಿಗೆ ಹದಿನೈದು ವರ್ಷದಿಂದ ಶುಗರ್ ಇತ್ತು. ಹೋಳಿಗೆ ಮಾರುವವರಿಗೆ ಸಕ್ಕರೆ ಕಾಯಿಲೆ ಅಂತ ಅವರೇ ಮೊದಲು ನಗುತ್ತಿದ್ದರು.

ನಾನು ಆಗ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಆಂಟಿಆಕ್ಸಿಡೆಂಟ್ ಅನ್ನುವ ಪದ ತಲೆಗೆ ಹತ್ತಿತ್ತು. ಒಂದು ಬೆಳಿಗ್ಗೆ ಪಾರ್ಕಿಗೆ ಸೇಬು, ಚಾಕು, ನಿಂಬೆಹಣ್ಣು ತೆಗೆದುಕೊಂಡು ಹೋದೆ. ಸೇಬನ್ನು ಎರಡು ಹೋಳು ಮಾಡಿ ಒಂದಕ್ಕೆ ಮಾತ್ರ ನಿಂಬೆರಸ ಹಿಂಡಿ ಕಲ್ಲುಬೆಂಚಿನ ಮೇಲಿಟ್ಟೆ. ಎಲ್ಲರೂ ಮೂರು ಸುತ್ತು ನಡೆದು ಬರುವಷ್ಟರಲ್ಲಿ ಒಂದು ಹೋಳು ಕಂದಾಗಿತ್ತು, ಇನ್ನೊಂದು ಬೆಳ್ಳಗೇ ಇತ್ತು.

"ನೋಡಿ, ನಮ್ಮ ಮೈಯೊಳಗೂ ಹೀಗೇ," ಅಂದೆ. "ಸಕ್ಕರೆ ಜಾಸ್ತಿ ಇದ್ದಷ್ಟೂ ಒಳಗೆ ಬೇಗ ತುಕ್ಕು ಹಿಡಿಯುತ್ತೆ. ನೇರಳೆ, ನೆಲ್ಲಿಕಾಯಿ, ಸೊಪ್ಪು, ಅರಿಶಿನ, ಇವುಗಳಲ್ಲೆಲ್ಲ ತುಕ್ಕು ತಡೆಯೋ ಅಂಶ ಇದೆ."

ಅಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲವಂತೆ. ಸರೋಜಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. ಗಿರಿಜಕ್ಕ ನಿಂಬೆರಸದ ಹೋಳನ್ನು ತಿಂದು, "ಡಾಕ್ಟರ್ ಹತ್ರ ಹೋದ್ರೆ ಬರೀ ಬೈಸ್ಕೊಂಡ್ ಬರ್ತೀನ್ರೀ ಟೀಚರ್. ನೀವು ಹೇಳಿದ್ದು ತಲೆಗೆ ಹೋತು," ಅಂದರು. ಆ ಮಾತಿಗೆ ನಾನು ಎಷ್ಟು ಉಬ್ಬಿದೆ ಅನ್ನುವುದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾನು ಸುಳ್ಳು ಹೇಳಲಿಲ್ಲ. ಮಾತ್ರೆ ಬಿಡಬೇಡಿ, ಇವೆಲ್ಲ ಅದರ ಜೊತೆಗೆ ಅಂತ ಹೇಳಿದ್ದೆ. ಆದರೆ ಅದನ್ನು ಹೇಳಿದ್ದು ಒಂದೇ ಸಲ. ಮಿಕ್ಕಿದ್ದನ್ನು ನೂರು ಸಲ ಹೇಳಿದೆ.

ಜೂನ್ ಕೊನೆಗೆ ತಳ್ಳುಗಾಡಿಗಳಲ್ಲಿ ನೇರಳೆ ಹಣ್ಣು ಬಂತು. ಎಲ್ಲರ ಮನೆಯ ಬೀಜವೂ ನನ್ನ ಹತ್ತಿರ ಬರಬೇಕು ಅಂತ ಅಪ್ಪಣೆ ಮಾಡಿದೆ. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರ ನಾಲಿಗೆಯೂ ನೀಲಿ. ಬೀಜ ತೊಳೆದು ಸರೋಜಮ್ಮನ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಒಣಗಿಸುತ್ತಿದ್ದೆವು. ಆ ವರ್ಷ ದೊಡ್ಡ ಮಳೆಯೇನೂ ಇರಲಿಲ್ಲ, ಆದರೆ ಜುಲೈ ಪೂರ್ತಿ ಮೋಡ, ಬಿಟ್ಟು ಬಿಟ್ಟು ತುಂತುರು. ಹನಿ ಬಿದ್ದ ಕೂಡಲೇ ಸರೋಜಮ್ಮ ಎಲ್ಲರಿಗೂ ಫೋನ್ ಮಾಡುವುದು, ನಾವು ನಾಲ್ಕು ಬೀದಿಯಿಂದ ಓಡುವುದು. ಅರವತ್ತು ದಾಟಿದ ಹೆಂಗಸರು ಪಂಚೆಯ ನಾಲ್ಕು ಮೂಲೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾ ನಗುವುದನ್ನು ನೋಡಿ ಬಾಡಿಗೆಯವರೂ ನಗುತ್ತಿದ್ದರು. ಕಡೆಗೆ ಫ್ಯಾನಿನ ಕೆಳಗೆ ಒಣಗಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಇದೇ ಮಿಲ್ಲಿಗೆ ಹಾಕಿಸಿದೆ. ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬಿ ಒಂದೊಂದರ ಮೇಲೂ ನನ್ನ ದುಂಡಕ್ಷರದಲ್ಲಿ "ದಿನಕ್ಕೆ ಒಂದು ಚಮಚ, ಮಜ್ಜಿಗೆಯಲ್ಲಿ" ಅಂತ ಚೀಟಿ ಅಂಟಿಸಿದೆ. ನಿಜ ಹೇಳಬೇಕೆಂದರೆ, ರಿಟೈರಾದ ದುಃಖ ಆ ತಿಂಗಳು ನನಗೆ ನೆನಪೇ ಆಗಲಿಲ್ಲ.

ಪರೀಕ್ಷೆ ಇಲ್ಲದೆ ಪಾಠವೇ? ಭಾನುವಾರದ ಟೆಸ್ಟ್ ಶುರು ಮಾಡಿದವಳೂ ನಾನೇ. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಪಾರ್ಕಿಗೆ ಬರಬೇಕು. ನನ್ನ ಗ್ಲುಕೋಮೀಟರಿನಲ್ಲಿ ಎಲ್ಲರ ಬೆರಳನ್ನೂ ಚುಚ್ಚುತ್ತಿದ್ದೆ, ಸೂಜಿ ಮಾತ್ರ ಅವರವರದು. ಯಾರ ನಂಬರ್ ಎಲ್ಲರಿಗಿಂತ ಜಾಸ್ತಿ ಬರುತ್ತದೋ ಅವರು ಗೇಟಿನ ಜ್ಯೂಸ್ ಗಾಡಿಯಿಂದ ಒಂದು ದೊಡ್ಡ ಲೋಟ ಹಾಗಲಕಾಯಿ ರಸ ತರಿಸಿಕೊಂಡು, ಮುಖ ಸಿಂಡರಿಸದೆ, ಎಲ್ಲರೆದುರು ಕುಡಿಯಬೇಕು. ಮೊದಲ ಮೂರು ವಾರವೂ ಕುಡಿದವರು ಗಿರಿಜಕ್ಕ. ಮೂರನೇ ವಾರ ಲೋಟ ಕೆಳಗಿಟ್ಟು, "ಇದನ್ನ ಕುಡಿಯೋ ಬದ್ಲು ಶುಗರ್ರೇ ವಾಸಿ," ಅಂದಾಗ ನಗದವರಿಲ್ಲ.

ನಾಲ್ಕನೇ ವಾರ ಅವರ ನಂಬರ್ ಇಳಿಯಿತು. ಐದನೇ ವಾರ ಎಲ್ಲರಿಗಿಂತ ಕಡಿಮೆ.

ಹೇಗೆ ಇಳಿಯಿತು ಅನ್ನುವುದು ನನಗೆ ಗೊತ್ತಿತ್ತು. ಶನಿವಾರ ರಾತ್ರಿ ಊಟ ಬಿಡುವುದು, ಬರೀ ಸೌತೆಕಾಯಿ ತಿಂದು ಮಲಗುವುದು, ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಎರಡು ಸುತ್ತು ಹೆಚ್ಚಿಗೆ ನಡೆಯುವುದು. ಎಲ್ಲರೂ ಅದನ್ನೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಓದುವ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ? ಒಂದು ಬೆಳಗಿನ ನಂಬರ್ ಏನನ್ನೂ ಹೇಳುವುದಿಲ್ಲ, ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಬೇರೆಯೇ ಇದೆ, ಅದರ ಮುಂದೆ ಯಾರ ಆಟವೂ ನಡೆಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಆ ಪರೀಕ್ಷೆಯ ವಿಷಯವನ್ನು ನಾನು ಬೆಂಚಿನಲ್ಲಿ ಎತ್ತಲೇ ಇಲ್ಲ. ಯಾಕೆಂದರೆ ಆಗಸ್ಟ್ ಮೊದಲ ವಾರ ನಾನೇ ಮಾಡಿಸಿದ್ದೆ, ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಡಾಕ್ಟರು, "ಪುಡಿ ತಗೊಳ್ಳಿ, ಬೇಡ ಅನ್ನಲ್ಲ. ಮಾತ್ರೆ ಮಾಡೋ ಕೆಲಸ ಅದು ಮಾಡಲ್ಲ," ಅಂದು ಡೋಸ್ ಏರಿಸಿದರು. ರಿಪೋರ್ಟನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ.

ಅಷ್ಟರಲ್ಲಿ "ಟೀಚರ್ ಪುಡಿ"ಗೆ ಹೆಸರು ಬಂದಿತ್ತು. ಮಹಾಲಕ್ಷ್ಮಿ ಲೇಔಟಿನಿಂದ ಸ್ಕೂಟರಿನಲ್ಲಿ ಹೆಂಗಸರು ಬಂದು ಕೇಳಿಕೊಂಡು ಹೋಗುತ್ತಿದ್ದರು. ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಗೌರಿ ಹಬ್ಬಕ್ಕೆ ಮುಂಚಿನ ಶನಿವಾರ ಒಂದು ಭಾಷಣ ಮಾಡಿ ಅಂದರು. ವಿಷಯ ನನ್ನದೇ. ಉದಾಹರಣೆಗೆ ಗಿರಿಜಕ್ಕ.

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ, ಬುಧವಾರ ಮಧ್ಯಾಹ್ನ, ಗಿರಿಜಕ್ಕನಿಗೆ ಹೊಸ ಬಾಟಲಿ ಕೊಡೋಣವೆಂದು ಹೋದೆ. ಹಬ್ಬದ ಆರ್ಡರಿನ ಗಡಿಬಿಡಿಯಲ್ಲಿರುತ್ತಾರೆ, ಮುಂಬಾಗಿಲಿಗೆ ಬಂದು ತೆಗೆಯುವ ಕಷ್ಟ ಯಾಕೆ ಅಂತ ಓಣಿಯಿಂದ ಅಡುಗೆಮನೆಯ ಹಿಂಬಾಗಿಲಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಗಿರಿಜಕ್ಕ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಹೂರಣದ ಉಂಡೆ. ರುಚಿ ನೋಡುವವರು ಬೆರಳ ತುದಿಯಲ್ಲಿ ನೋಡುತ್ತಾರೆ. ಅವರು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಒಂದು ಮುಗಿಸಿ ಪಾತ್ರೆಗೆ ಕೈ ಹಾಕಿ ಇನ್ನೊಂದು ತೆಗೆದರು. ಪ್ರತಿ ಶನಿವಾರ ನಾಲಿಗೆ ಕಟ್ಟಿಕೊಳ್ಳುವ ಮನುಷ್ಯರ ಹಸಿವು ಅದು. ನೋಡಿ ನನಗೆ ಸಿಟ್ಟು ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು.

ಸದ್ದಿಲ್ಲದೆ ಹಿಂದೆ ಸರಿದೆ. ಓಣಿ ದಾಟಿ ಮುಂದಕ್ಕೆ ಬಂದು ಗೇಟು ಜೋರಾಗಿ ಬಡಿದು, "ಗಿರಿಜಕ್ಕಾ, ಇದೀರಾ?" ಅಂತ ಕೂಗಿದೆ. ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬಂದು ಒಳಗೆ ಕರೆದರು. ಅಡುಗೆಮನೆಯ ಗೂಡಿನಲ್ಲಿ ನನ್ನ ಬಾಟಲಿ ಖಾಲಿಯಾಗುತ್ತಾ ಬಂದಿತ್ತು. ಪಕ್ಕದಲ್ಲೇ ಮಾತ್ರೆಯ ಪಟ್ಟಿ. ಒಂದೂ ಗುಳಿ ಒಡೆದಿರಲಿಲ್ಲ, ಮೇಲೆ ಮೈದಾ ಹಿಟ್ಟಿನ ಧೂಳು ಕೂತಿತ್ತು.

ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಹೇಳಿದರೆ ಅವರು ಮಾತ್ರೆ ಶುರು ಮಾಡುತ್ತಾರೆ, ಡಾಕ್ಟರ ಹತ್ತಿರ ಹೋಗುತ್ತಾರೆ, ನಿಜವಾದ ನಂಬರ್ ಹೊರಗೆ ಬರುತ್ತದೆ, ಭಾಷಣದ ದಿನ ನಾನು ಯಾರನ್ನು ತೋರಿಸಲಿ? ಇಷ್ಟು ಲೆಕ್ಕಾಚಾರ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿದಿತ್ತು. ಭಾಷಣವೊಂದು ಮುಗಿಯಲಿ, ಆಮೇಲೆ ಕೂರಿಸಿಕೊಂಡು ಹೇಳುತ್ತೇನೆ ಅಂದುಕೊಂಡೆ. ಹೊಸ ಬಾಟಲಿ ಗೂಡಿನಲ್ಲಿಟ್ಟು, "ಭಾನುವಾರ ಮರೀಬೇಡಿ," ಅಂದು ಎದ್ದು ಬಂದೆ.

ಭಾನುವಾರ ಅವರು ಬಂದರು. ಬೆರಳು ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ನಂಬರ್ ಕಡಿಮೆ ಬಂತು. "ಶಹಬ್ಬಾಸ್ ಗಿರಿಜಕ್ಕ," ಅಂದೆ.

ಭಾಷಣ ಚೆನ್ನಾಗಿಯೇ ಆಯಿತು. ಸೇಬು ಕೊಯ್ದೆ, ನಿಂಬೆ ಹಿಂಡಿದೆ, ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಗಿರಿಜಕ್ಕನನ್ನು ವೇದಿಕೆಗೆ ಕರೆದೆ. ಅವರು ಸ್ವಲ್ಪ ಕುಂಟುತ್ತಾ ಮೆಟ್ಟಿಲು ಹತ್ತಿದರು. ಎಡಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ಸೇರಿಸಿ ಬಟ್ಟೆ ಸುತ್ತಿದ್ದರು.

"ಏನಾಯ್ತು ಕಾಲಿಗೆ?" ಅಂತ ಮೈಕಿನಲ್ಲೇ ಕೇಳಿಬಿಟ್ಟೆ.

"ಏನಿಲ್ರೀ ಟೀಚರ್. ಹೋದ ವಾರ ಬೆಲ್ಲದ ಪಾಕ ಚೆಲ್ತು. ಕುದಿಯೋ ಪಾಕ, ಒಂದ್ ಸೌಟಿನಷ್ಟು ಬಿತ್ತು. ಆದ್ರೆ ಉರೀನೇ ಆಗ್ಲಿಲ್ಲ ನೋಡ್ರಿ. ಸೊಸೆ ಹೇಳಿದ್ಮೇಲೇ ಗೊತ್ತಾಗಿದ್ದು. ಎಲ್ಲಾ ನಿಮ್ಮ ಪುಡಿ ಮಹಿಮೆ."

ಸಭೆ ನಕ್ಕಿತು, ಇನ್ನೊಂದು ಸಲ ಚಪ್ಪಾಳೆ ತಟ್ಟಿತು. ಕುದಿಯುವ ಪಾಕ ಬಿದ್ದರೂ ಉರಿಯಾಗದ ಕಾಲು ಅಂದರೆ ಏನು ಅಂತ ಆ ಸಭೆಯಲ್ಲಿ ಗೊತ್ತಿದ್ದವಳು ಬಹುಶಃ ನಾನೊಬ್ಬಳೇ. ನರ ಸತ್ತರೆ ನೋವಿಲ್ಲ, ನೋವಿಲ್ಲದಿದ್ದರೆ ಗಾಯದ ಮೇಲೆ ಗಮನವಿಲ್ಲ. ಮೈಕ್ ನನ್ನ ಕೈಯಲ್ಲೇ ಇತ್ತು. ಅಲ್ಲೇ ನಿಲ್ಲಿಸಿ, ಇದು ಮಹಿಮೆಯಲ್ಲ, ನಡೀರಿ ಆಸ್ಪತ್ರೆಗೆ ಅನ್ನಬಹುದಿತ್ತು. ಅವರ ಕಿವಿಯ ಹತ್ತಿರ ಬಾಗಿ, "ಒಂದ್ಸಲ ಡಾಕ್ಟರ್‌ಗೆ ತೋರಿಸ್ಬಿಡಿ," ಅಂದೆ. "ಹಬ್ಬ ಮುಗೀಲ್ರೀ, ಗೌರಿಗೆ ಆರ್ಡರ್ ಐತಿ," ಅಂದರು. ಅಷ್ಟರಲ್ಲಿ ಫೋಟೋಗೆ ಕರೆದರು. ಆ ಫೋಟೋದಲ್ಲಿ ನಾನು ಶಾಲು ಹೊದ್ದು ನಗುತ್ತಿದ್ದೇನೆ.

ಹಬ್ಬ ಮುಗಿಯಿತು. ಎರಡು ಭಾನುವಾರ ಗಿರಿಜಕ್ಕ ಬರಲಿಲ್ಲ. ಅತಿಯಾದ ಕೆಲಸದಿಂದ ಸುಸ್ತಾಗಿರಬೇಕು ಅಂದುಕೊಂಡೆವು, ಅಂದರೆ ಹಾಗಂತ ನಾನು ಹೇಳಿದೆ, ಉಳಿದವರು ಒಪ್ಪಿದರು. ಮೂರನೇ ವಾರ ಸರೋಜಮ್ಮ ಪಾರ್ಕಿಗೆ ಬಂದವರು ಕೂರಲೇ ಇಲ್ಲ. "ಟೀಚರ್, ಗಿರಿಜಮ್ಮನ್ನ ಆಸ್ಪತ್ರೆಗೆ ಸೇರ್ಸವ್ರಂತೆ. ಕಾಲು ಕಪ್ಪಾಗೋಗೈತಂತೆ," ಅಂದರು.

ಮೊದಲು ಎರಡು ಬೆರಳು ತೆಗೆದರು. ಹತ್ತು ದಿನದ ಮೇಲೆ ಪಾದದ ಮುಂದಿನ ಅರ್ಧ. ನಾವೆಲ್ಲ ಒಟ್ಟಿಗೆ ಹೋಗಿ ನೋಡಿಬಂದೆವು. ಹೆಚ್ಚೆಂದರೆ ಐದು ನಿಮಿಷ ನಿಂತಿರಬಹುದು. ಅವರು ಔಷಧಿಯ ಮಂಪರಿನಲ್ಲಿದ್ದರು. ಹೊರಗೆ ವರಾಂಡದಲ್ಲಿ ಅವರ ಸೊಸೆ ಅಶ್ವಿನಿ, ಮರ್ಯಾದೆಯಿಂದಲೇ ಹೇಳಿದಳು, "ಮಾತ್ರೆ ನಿಲ್ಲಿಸಿ ಎರಡು ತಿಂಗಳ ಮೇಲಾಗಿತ್ತಂತೆ ಆಂಟಿ. ನಮಗೂ ಗೊತ್ತಿರ್ಲಿಲ್ಲ. ಭಾನುವಾರ ಬಂದು ನಂಬರ್ ಹೇಳೋರಲ್ಲ, ಕಡಿಮೆ ಇದೆ ಅಂತ ನಾವೂ ಸುಮ್ಮನಾದ್ವಿ." ನಾನು ತಲೆಯಾಡಿಸಿದೆ. ನನಗೆ ಗೊತ್ತಿತ್ತು ಅಂತ ಆ ಹುಡುಗಿಗೆ ಹೇಳುವ ಧೈರ್ಯ ಎಲ್ಲಿಂದ ತರಲಿ?

ಮನೆಗೆ ಬಂದು ಉಳಿದಿದ್ದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದೆ. ಸಿಂಕ್ ಕಟ್ಟಿಕೊಂಡಿತು. ಯಜಮಾನರು ಏನೂ ಕೇಳದೆ ಕಡ್ಡಿ ಹಾಕಿ ಬಿಡಿಸಿದರು. ಪಾರ್ಕಿಗೆ ಹೋಗುವುದನ್ನು ಬಿಟ್ಟೆ. ಗಿರಿಜಕ್ಕನ ಮಗ ಕೆಂಗೇರಿಯಲ್ಲಿ ಲಿಫ್ಟ್ ಇರುವ ಫ್ಲಾಟು ಮಾಡಿ ಅವರನ್ನು ಕರೆದುಕೊಂಡು ಹೋದ. ಹೋಗಿ ಮಾತನಾಡಿಸಬೇಕು ಅಂತ ಪ್ರತಿ ಹಬ್ಬಕ್ಕೂ ಅಂದುಕೊಂಡೆ. ಮೂರು ವರ್ಷ ಕಳೆಯಿತು. ಮೆಟ್ರೋದಲ್ಲಿ ಅರ್ಧ ಗಂಟೆಯೂ ಆಗದ ದಾರಿ.

ಮಿಲ್ಲಿನಿಂದ ಹೊರಗೆ ಬಂದ ಆ ದಿನ ಮನೆಗೆ ಹೋಗಲಿಲ್ಲ. ಆಟೋ ಹಿಡಿದು ವಿಜಯನಗರ ಸ್ಟೇಷನ್, ಅಲ್ಲಿಂದ ಕೆಂಗೇರಿ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾನು ಆ ಬುಧವಾರ ಬಂದಿದ್ದೆ, ನೋಡಿದೆ, ನನ್ನ ಹೆಸರಿಗೋಸ್ಕರ ಮುಚ್ಚಿಟ್ಟೆ, ನನ್ನನ್ನು ಬೈಯಿರಿ. ಇಷ್ಟೇ.

ಬಾಗಿಲು ತೆಗೆದದ್ದು ಗಿರಿಜಕ್ಕನೇ. ವಾಕರ್ ಹಿಡಿದಿದ್ದರು, ಎಡಗಾಲಿಗೆ ದಪ್ಪನೆಯ ಬೂಟು. ತೆಳ್ಳಗಾಗಿದ್ದರು. "ಬರ್ರಿ ಟೀಚರ್, ದಾರಿ ಸಿಕ್ತಾ ಕಡೀಗೂ?" ಅಂದರು. ಅವರು ಕೂರುವ ಮೊದಲೇ ನಾನು ಶುರು ಮಾಡಿದೆ. ಕೂತರೆ ಮಾತು ಹವೆ, ಮಕ್ಕಳು, ಮೆಟ್ರೋ ಅಂತ ಹೋಗಿಬಿಡುತ್ತದೆ ಅನ್ನುವ ಭಯ.

"ಗಿರಿಜಕ್ಕ, ವರಮಹಾಲಕ್ಷ್ಮಿಗೆ ಮುಂಚೆ ಒಂದು ಬುಧವಾರ ನಾನು ನಿಮ್ಮ ಹಿಂಬಾಗಿಲಿಗೆ ಬಂದಿದ್ದೆ."

"ಗೊತ್ರೀ," ಅಂದರು.

ವಾಕರನ್ನು ಕುರ್ಚಿಯ ಕಡೆಗೆ ತಿರುಗಿಸಿದರು.

"ಕಣ್ ಬಿಟ್ಟಾಗ ನೀವು ಬಾಗ್ಲಿಂದ ಸರಿದು ಹೋಗೋದು ಕಾಣ್ತು. ಆಮೇಲೆ ಗೇಟ್ ಬಡಿದ್ರಿ. ಮಾತ್ರೆ ಪಟ್ಟಿ ನೋಡಿದ್ದೂ ಕಂಡೆ." ಅವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು, ಕಾಲನ್ನು ಕೈಯಿಂದಲೇ ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡರು. "ಆ ಭಾನುವಾರ ಎಲ್ಲಾರ ಮುಂದೆ ಬೈತೀರಿ ಅಂತ ಹೆದರ್ಕೊಂಡೇ ಬಂದಿದ್ದೆ. ಬೈಸ್ಕೊಂಡು ಮಾತ್ರೆ ಶುರು ಮಾಡೋದು ಅಂತ ಪಟ್ಟೀನ ಬ್ಲೌಸಲ್ಲಿ ಇಟ್ಕೊಂಡೇ ಬಂದಿದ್ದೆ. ನೀವು ಶಹಬ್ಬಾಸ್ ಅಂದ್ರಿ. ಟೀಚರ್‌ಗೆ ಎಲ್ಲಾ ಗೊತ್ತಿದ್ದೂ ಸುಮ್ನಿದಾರೆ ಅಂದ್ರೆ, ಪುಡಿ ತಗೊಂಡ್ರೆ ಇಷ್ಟೆಲ್ಲಾ ನಡೀತದೆ ಅಂದ್ಕೊಂಡೆ."

ದೂರುವ ದನಿಯೇ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು ಅಷ್ಟೇ. ಆಮೇಲೆ, "ಯಾಕ್ ನಿಂತ್ರಿ, ಕೂತ್ಕೋರಿ," ಅಂದರು.

ಸಾಲು ತಪ್ಪಿ ಬರೆದದ್ದಕ್ಕೆ, ಉಗುರು ಕತ್ತರಿಸದೆ ಬಂದದ್ದಕ್ಕೆ, ಮೂವತ್ತೆರಡು ವರ್ಷ ಕಂಡ ಕಂಡ ಮಕ್ಕಳನ್ನೆಲ್ಲ ಬೈದವಳು ನಾನು. ಬೈಸಿಕೊಳ್ಳಬೇಕು ಅಂತಲೇ ಒಬ್ಬರು ನನ್ನೆದುರು ಬಂದು ಬೆರಳು ಚಾಚಿ ಕೂತಿದ್ದ ದಿನ ಸುಮ್ಮನಿದ್ದೆ.